ಬಾಲ್ಕನಿ ಯಾರ ಪಾಲಿಗೆ

ದೊಡ್ಡವಳ ಹೊಟ್ಟೆಕಿಚ್ಚಿನ ಮೇಲೆ ಒಂದು ಹಂಡೆ ಇಟ್ಟಿದ್ದರೆ ಮನೆಮಂದಿಗೆಲ್ಲ ಸ್ನಾನದ ನೀರು ಕಾಯುತ್ತಿತ್ತು. ಹಾಗಂತ ಕೆಟ್ಟವಳೇನಲ್ಲ, ಪಾಪ. ಬೀದಿಯಲ್ಲಿ ಯಾರಿಗೆ ಕಾರು ಬರಲಿ, ಯಾರ ಮಗಳಿಗೆ ಕೆಲಸ ಸಿಗಲಿ, ಬಾಯ್ತುಂಬ ಒಳ್ಳೆಯದಾಗಲಿ ಅನ್ನುವವಳೇ. ಯಾರಿಗಾದರೂ ಜ್ವರ ಅಂದರೆ ಬಿಸಿನೀರಿನ ಚೀಲ ಹಿಡಿದು ಮೊದಲು ಓಡುವವಳೂ ಅವಳೇ. ಅವಳ ಕಿಚ್ಚೆಲ್ಲ ಒಬ್ಬಳಿಗೇ ಮೀಸಲು. ಮಹಡಿ ಮೇಲಿನ ಚಿಕ್ಕವಳಿಗೆ, ಅಂದರೆ ಅವಳ ಓರಗಿತ್ತಿಗೆ.

ಇಬ್ಬರ ಗಂಡಂದಿರೂ ಅಣ್ಣ ತಮ್ಮಂದಿರು. ಸೇರಿ ಗಾಜಿನ ಅಂಗಡಿ ನಡೆಸುತ್ತಾರೆ. ಕಿಟಕಿಗೆ ಗಾಜು ಕತ್ತರಿಸುವುದು, ಕನ್ನಡಿಗೆ ಚೌಕಟ್ಟು ಕೂರಿಸುವುದು. ಕೈ ನೋಡಿದರೆ ಅಯ್ಯೋ ಅನಿಸುತ್ತದೆ, ಬೆರಳೆಲ್ಲ ಗೀರು. ಸ್ವಭಾವ ಮಾತ್ರ ಬೆಣ್ಣೆ. ಹೆಂಡತಿಯರು ಒಂದು ಮಾತು ಜೋರಾಗಿ ಆಡಿದರೆ ಇಬ್ಬರಿಗೂ ಒಟ್ಟಿಗೇ ಅಂಗಡಿಯ ಕೆಲಸ ನೆನಪಾಗುತ್ತದೆ. ಇವರ ಮದುವೆ ಒಂದೇ ದಿನ, ಒಂದೇ ಹಾಲ್‌ನಲ್ಲಿ ಆಗಿತ್ತು. ಅಣ್ಣನನ್ನು ಕಟ್ಟಿಕೊಂಡವಳು ದೊಡ್ಡವಳಾದಳು, ತಮ್ಮನನ್ನು ಕಟ್ಟಿಕೊಂಡವಳು ಚಿಕ್ಕವಳಾದಳು. ಆವತ್ತು ತೆಗೆದ ಫೋಟೋದಲ್ಲಿ ನಾಲ್ಕು ಜನರೂ ಇದ್ದಾರೆ. ಚಿಕ್ಕವಳು ನಗುತ್ತಿದ್ದಾಳೆ, ದೊಡ್ಡವಳು ಸರಿಯಾಗಿ ಅದೇ ಗಳಿಗೆಗೆ ಕಣ್ಣು ಮುಚ್ಚಿಬಿಟ್ಟಿದ್ದಾಳೆ. ಫೋಟೋದವನು ಬೇಕಂತಲೇ ಹಾಗೆ ಮಾಡಿದ ಅಂತ ಅವಳು ಇವತ್ತಿಗೂ ನಂಬಿದ್ದಾಳೆ.

ಅತ್ತೆ ಬಹಳ ಬುದ್ಧಿವಂತೆ. ಸೊಸೆಯರು ಮನೆಗೆ ಬಂದ ವಾರದಲ್ಲೇ ಗಾಳಿ ಯಾವ ಕಡೆಗೆ ಬೀಸುತ್ತಿದೆ ಅಂತ ಅವರಿಗೆ ಗೊತ್ತಾಗಿಹೋಯಿತು. ಅಲ್ಲಿಂದ ಮುಂದೆ ಏನು ತಂದರೂ ಜೋಡಿ. ಒಂದೇ ಬಣ್ಣದ ಎರಡು ಹೊದಿಕೆ, ಒಂದೇ ಅಳತೆಯ ಎರಡು ಬಾಣಲೆ. ಆದರೆ ಎಲ್ಲವೂ ಜೋಡಿಯಲ್ಲಿ ಸಿಗುತ್ತವೆಯೇ? ಒಂದೇ ಇರುವ ವಸ್ತುವಿಗೆ ಅತ್ತೆ ಒಂದು ಕಾನೂನು ಮಾಡಿದರು. ಒಬ್ಬಳು ಎರಡು ಪಾಲು ಮಾಡಬೇಕು, ಇನ್ನೊಬ್ಬಳು ಮೊದಲು ಆರಿಸಬೇಕು. ಆರಿಸಿದ ಮೇಲೆ ಮೂಗು ಮುರಿಯುವ ಹಾಗಿಲ್ಲ. ಅದಲುಬದಲು ಮಾಡಬೇಕಾದರೆ ಬಾಯಿಬಿಟ್ಟು ಕೇಳಬೇಕು. ಅತ್ತೆ ಹೋದರು, ಕಾನೂನು ಉಳಿಯಿತು. ಬಾಯಿಬಿಟ್ಟು ಕೇಳುವುದು ಮಾತ್ರ ಆ ಮನೆಯಲ್ಲಿ ಒಮ್ಮೆಯೂ ನಡೆದಿರಲಿಲ್ಲ.

ಮನೆ ಪಾಲಾದದ್ದೂ ಹಾಗೆಯೇ. ಆಗ ಪಾಲು ಮಾಡಿದವಳು ಚಿಕ್ಕವಳು. ಕೆಳಗಿನ ಮನೆ, ದೊಡ್ಡ ಅಡುಗೆಮನೆ, ಹಿತ್ತಲ ನಲ್ಲಿ ಒಂದು ಕಡೆ. ಮಹಡಿ, ಸೋರುವ ಮೂಲೆ, ಮುಂದಿನ ಬಾಲ್ಕನಿ ಇನ್ನೊಂದು ಕಡೆ. ದೊಡ್ಡವಳು ಹಿಂದೆಮುಂದೆ ನೋಡದೆ ಕೆಳಗಿನದನ್ನೇ ಆರಿಸಿಕೊಂಡಳು. ಮಾರನೇ ವರ್ಷ ಪಕ್ಕದ ಸೈಟಿನಲ್ಲಿ ಗೋಡೌನು ಎದ್ದಿತು. ಅವಳ ಕಿಟಕಿ ತೆರೆದರೆ ಕೈಗೆಟುಕುವಷ್ಟು ಹತ್ತಿರದಲ್ಲಿ ಸಿಮೆಂಟಿನ ಗೋಡೆ. ಹಗಲಲ್ಲೂ ದೀಪ ಹಾಕಿಕೊಂಡೇ ತರಕಾರಿ ಹೆಚ್ಚಬೇಕು. ಮಹಡಿಯಲ್ಲಿ ಸೋರುವ ಮೂಲೆಯನ್ನು ತಮ್ಮ ಒಂದೇ ಭಾನುವಾರದಲ್ಲಿ ಸರಿಮಾಡಿದ. ಬಾಲ್ಕನಿಯಲ್ಲಿ ಕೂತು ಚಿಕ್ಕವಳು ಕಾಲು ಚಾಚಿ ಕಾಫಿ ಕುಡಿದರೆ, ಆ ಲೋಟ ಕಟ್ಟೆಯ ಮೇಲಿಟ್ಟ ಸದ್ದು ಕೆಳಗಿದ್ದವಳ ಎದೆಗೆ ಬಂದು ಬಡಿಯುತ್ತಿತ್ತು. ಊರಿಗೆಲ್ಲ ಕಿಟಕಿ ಹಾಕುವವನ ಹೆಂಡತಿಗೆ ಇರುವುದು ಇಂಥ ಕಿಟಕಿ. ಯಾರನ್ನು ಬೈಯುವುದು? ಆರಿಸಿದ್ದು ತಾನೇ.

ಕೆಲಸದ ಜಾಗದಲ್ಲಾದರೂ ಬೆಳಕಿತ್ತೇ ಅಂದರೆ ಅದೂ ಇಲ್ಲ. ದೊಡ್ಡವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಅದಿದ್ದದ್ದು ನೆಲಮಾಳಿಗೆಯಲ್ಲಿ. ಟ್ಯೂಬ್‌ಲೈಟು, ಮಷಿನ್ನಿನ ಗುಡುಗುಡು, ಸೋಪಿನ ಘಾಟು. ಮೇಲಿಂದ ಬರುವ ಟ್ರಾಲಿಯ ಚಕ್ರ ಒದ್ದೆಯಾಗಿದ್ದರೆ ಹೊರಗೆ ಮಳೆ ಅಂತ ತಿಳಿದುಕೊಳ್ಳಬೇಕು. ಚಿಕ್ಕವಳಿಗೋ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂಬಾಗಿಲ ಕೌಂಟರು. ಎದುರಿಗೆ ಆಳೆತ್ತರದ ಗಾಜು, ಆಚೆ ಇಡೀ ರಸ್ತೆ. ಆ ಗಾಜು ಹಾಕಿದವನು ದೊಡ್ಡವಳ ಗಂಡನೇ! ಇದನ್ನು ನೆನೆದಾಗಲೆಲ್ಲ ಅವಳು ದಿಂಬಿನ ಚೀಲವನ್ನು ಇನ್ನಷ್ಟು ಜೋರಾಗಿ ಒದರುತ್ತಿದ್ದಳು.

ಹಡಗಿನಲ್ಲಿ ಪ್ರವಾಸ ಹೋಗುವ ಹುಳವನ್ನು ಎಲ್ಲರ ತಲೆಗೆ ಬಿಟ್ಟವಳೂ ಚಿಕ್ಕವಳೇ. ಹಲ್ಲುನೋವಿನವರು ಕಾಯುತ್ತ ಕೂರುವ ಕಡೆ ಪತ್ರಿಕೆಗಳು ಬಿದ್ದಿರುತ್ತವಲ್ಲ, ಅದರಲ್ಲಿ ನೋಡಿದಳಂತೆ. ಮೆಡಿಟರೇನಿಯನ್ ಸಮುದ್ರದಲ್ಲಿ ಒಂದು ವಾರ ಹಡಗು, ದಿನಕ್ಕೊಂದು ಊರು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ದಿನ ನಡು ನೀರಿನಲ್ಲೇ ಕಳೆಯಬಹುದು. ಅಣ್ಣ ತಮ್ಮ ಅಂಗಡಿಯಲ್ಲೇ ಮಾತಾಡಿಕೊಂಡು ಒಪ್ಪಿಬಿಟ್ಟರು. ಅವರಿಬ್ಬರೂ ಅಲ್ಲಿಯವರೆಗೆ ಹತ್ತಿದ್ದ ದೊಡ್ಡ ದೋಣಿ ಅಂದರೆ ಪಾರ್ಕಿನ ಕೆರೆಯದ್ದು. ಪೆಡಲ್ ತುಳಿಯುವಂಥದ್ದು.

ದೊಡ್ಡವಳಿಗೆ ಮೊದಲು ಉರಿಯಿತು, ಇದು ನನಗೇಕೆ ಹೊಳೆಯಲಿಲ್ಲ ಅಂತ. ಆಮೇಲೆ ಟ್ರಾವೆಲ್ಸ್‌ನವನು ಮನೆಗೆ ಬಂದು ಮೇಜಿನ ಮೇಲೆ ಚಿತ್ರಗಳನ್ನು ಹರಡಿದ. ಒಂದರಲ್ಲಿ ಹಡಗಿನ ಕೋಣೆಗೆ ಅಂಟಿಕೊಂಡ ಪುಟ್ಟ ಬಾಲ್ಕನಿ, ಎರಡು ಕುರ್ಚಿ, ಮುಂದೆ ನೀರೋ ನೀರು. ಅಡ್ಡ ಒಂದು ಗೋಡೆಯಿಲ್ಲ. ಅವಳಿಗೆ ಬಾಯಿ ಒಣಗಿತು. ನೀರು ಕುಡಿದು ಬಂದು ಮತ್ತೆ ನೋಡಿದಳು.

"ಒಂದು ತೊಂದರೆ ಇದೆ ಮೇಡಂ," ಅಂದ ಅವನು. "ನಿಮ್ಮ ತಾರೀಖಿನ ಹಡಗಲ್ಲಿ ಉಳಿದಿರೋದು ಎರಡೇ ಕ್ಯಾಬಿನ್. ಒಂದಕ್ಕೆ ಬಾಲ್ಕನಿ ಇದೆ. ಇನ್ನೊಂದು ಒಳಗಡೆದು."

"ಒಳಗಡೆದು ಅಂದ್ರೆ?"

"ಅಂದ್ರೆ ಕಿಟಕಿ ಇರಲ್ಲ."

ದೊಡ್ಡವಳ ಗಂಡ ಉತ್ಸಾಹದಿಂದ ಬಾಯಿ ಹಾಕಿದ. "ಒಳ್ಳೇದೇ ಆಯ್ತಲ್ಲ! ಕತ್ತಲಿದ್ರೆ ನಿದ್ದೆ ಚೆನ್ನಾಗಿ ಬರುತ್ತೆ."

ದೊಡ್ಡವಳು ಅವನನ್ನು ನೋಡಿದ ನೋಟಕ್ಕೆ ಗಾಜಾಗಿದ್ದರೆ ಬಿರುಕು ಬಿಡುತ್ತಿತ್ತು.

ಶನಿವಾರದೊಳಗೆ ಯಾವ ಕೋಣೆ ಯಾರಿಗೆ ಅಂತ ಹೆಸರು ಕೊಡಬೇಕು ಎಂದು ಹೇಳಿ ಅವನು ಹೊರಟ. ಹೋಗುವಾಗ ಒಂದು ಜೋಡಿಗೆ ಮಾತ್ರ ಸಾಕಾಗುವಷ್ಟು ಕೊಡುಗೆಗಳನ್ನೂ ಬಿಟ್ಟುಹೋದ. ಬಂದರುಗಳಲ್ಲಿ ಇಳಿದು ಊರು ಸುತ್ತುವ ಬಸ್ಸಿನ ಪಾಸು, ಮಸಾಜಿನ ಕೂಪನ್ನು, ಹಡಗಿನ ದುಬಾರಿ ಹೋಟೆಲಿನಲ್ಲಿ ಒಂದು ಊಟ. ಕಾನೂನು ಇದ್ದೇ ಇತ್ತು. ಈ ಸಲ ಪಾಲು ಮಾಡುವ ಸರದಿ ದೊಡ್ಡವಳದು, ಆರಿಸುವ ಸರದಿ ಚಿಕ್ಕವಳದು.

ದೊಡ್ಡವಳು ತಲೆ ಓಡಿಸಿದಳು. ಚಿಕ್ಕವಳ ಆಸೆಗಳೆಲ್ಲ ಅವಳಿಗೆ ಗೊತ್ತಿದ್ದವೇ. ಮಾಲಿಗೆ ಹೋದರೆ ಬೆಳಗಿಂದ ಸಂಜೆಯವರೆಗೆ ಸುತ್ತುವವಳು, ಕಾಲು ಒತ್ತುವವರು ಸಿಕ್ಕರೆ ಅಲ್ಲೇ ನಿದ್ದೆ ಹೋಗುವವಳು. ಹಾಗಾಗಿ ಊಟದ ಮೇಜಿನ ಮೇಲೆ ಎರಡು ತಟ್ಟೆ ಇಟ್ಟಳು. ಒಂದರಲ್ಲಿ ಬಾಲ್ಕನಿಯ ಚಿತ್ರ, ಅಷ್ಟೇ. ಇನ್ನೊಂದರಲ್ಲಿ ಕಿಟಕಿಯಿಲ್ಲದ ಕೋಣೆಯ ಚಿತ್ರ, ಅದರ ಮೇಲೆ ಬಸ್ಸಿನ ಪಾಸು, ಅದರ ಮೇಲೆ ಮಸಾಜು, ಊಟ. ಆದರೂ ಧೈರ್ಯ ಸಾಲಲಿಲ್ಲ. ಮನೆಯಲ್ಲಿದ್ದ ಒಂದೇ ಒಂದು ಚಕ್ರದ ದೊಡ್ಡ ಸೂಟ್‌ಕೇಸನ್ನು ಎಳೆದು ತಂದು ಆ ತಟ್ಟೆಯ ಪಕ್ಕ ನಿಲ್ಲಿಸಿದಳು. ವಿಮಾನದ ಕಿಟಕಿ ಪಕ್ಕದ ಸೀಟೂ ಇದಕ್ಕೇ ಸೇರಿದ್ದು ಅಂತ ಬಾಯಲ್ಲಿ ಹೇಳಿದಳು. ಅದು ತನಗೂ ಬೇಕಾಗಿದ್ದ ಸೀಟು. ಆದರೂ ಹೇಳಿದಳು.

ಚಿಕ್ಕವಳು ಬಂದಳು, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅಣ್ಣ ತಮ್ಮ ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದರು.

"ಏನಕ್ಕಾ, ಇದೇನು ತಟ್ಟೇನಾ, ಗಾಡೀನಾ? ಎಲ್ಲಾ ಇಲ್ಲೇ ಹೇರಿದ್ದೀಯ!"

"ನಿನಗೆ ಇಷ್ಟ ಅಂತಾನೇ ಕಣೇ," ಅಂದಳು ದೊಡ್ಡವಳು. ತನ್ನ ದನಿ ಅಷ್ಟು ಸಿಹಿಯಾಗಿ ಹೊರಟಿದ್ದು ಕೇಳಿ ಅವಳಿಗೇ ಭಯವಾಯಿತು.

ಚಿಕ್ಕವಳು ಸೂಟ್‌ಕೇಸನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಉರುಳಿಸಿ ನೋಡಿದಳು. ಮಸಾಜಿನ ಕೂಪನ್ನು ಎತ್ತಿ, ಓದಿ, ಮೂಸಿ ಕೂಡ ನೋಡಿದಳು. ಆಮೇಲೆ ಅದನ್ನು ಇದ್ದಲ್ಲೇ ಇಟ್ಟು, "ಪಾಪ, ಈ ಬಾಲ್ಕನಿ ಒಂಟಿಯಾಗಿ ಬಿದ್ದಿದೆ. ನಂಗೆ ಇದೇ ಇರ್ಲಿ," ಅಂದು ಚಿತ್ರ ಎತ್ತಿಕೊಂಡು ಮಹಡಿ ಹತ್ತಿಬಿಟ್ಟಳು.

ಮುಂದಿನ ದಿನಗಳು ಕೇಳಬೇಡಿ. ಆಸ್ಪತ್ರೆಯಲ್ಲಿ ದೊಡ್ಡವಳು ಮಡಿಸಿದ ಹೊದಿಕೆಗಳ ಅಂಚಿಗೆ ಅಂಚು ಕೂಡುತ್ತಿರಲಿಲ್ಲ. ಮನೆಯಲ್ಲಿ ಕಣ್ಣು ಮುಚ್ಚಿದರೆ ಸಾಕು, ಚಿಕ್ಕವಳು ಸಮುದ್ರದ ಮೇಲೆ ಕಾಲು ಚಾಚಿ ಕೂತಿರುತ್ತಿದ್ದಳು. ಇಲ್ಲೂ ಬಾಲ್ಕನಿ, ಅಲ್ಲೂ ಬಾಲ್ಕನಿ! ತನಗೆ ಇಲ್ಲೂ ಗೋಡೆ, ಅಲ್ಲೂ ಗೋಡೆ. ಅಷ್ಟು ದೂರ ಹೋಗಿ ಟ್ಯೂಬ್‌ಲೈಟಿನ ಕೆಳಗೆ ಮಲಗಿ ಬರಬೇಕು. ಜೊತೆಗೆ ಕೆಲಸ ಮಾಡುವ ಇಸ್ತ್ರಿಯವಳು ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ರೇಗಿದಳು.

"ಬೇಕು ಅಂತ ಕೇಳೇ ಮಾರಾಯ್ತಿ. ಬಾಯಿ ಸವೆದುಹೋಗುತ್ತಾ?"

"ಅವಳ ಹತ್ರ ಕೈ ಚಾಚೋದಾ? ಸಾಯ್ತೀನಿ ಬೇಕಾದ್ರೆ."

"ಸಾಯಿ ಹಾಗಾದ್ರೆ. ಒಳಗಡೆ ಕೋಣೇಲಿ ಕಿಟಕಿ ಇಲ್ವಲ್ಲ, ಯಾರಿಗೂ ಕಾಣಲ್ಲ."

ಶುಕ್ರವಾರ ಕೆಲಸ ಮುಗಿಸಿ ಬಂದ ದೊಡ್ಡವಳು ಚೀಲವನ್ನು ಕೆಳಗೂ ಇಡದೆ ನೆಟ್ಟಗೆ ಮಹಡಿ ಹತ್ತಿದಳು. ಮಾರನೇ ದಿನ ಟ್ರಾವೆಲ್ಸ್‌ನವನಿಗೆ ಹೆಸರು ಹೋದರೆ ಮುಗಿಯಿತು. ಚಿಕ್ಕವಳು ಬಾಲ್ಕನಿಯಲ್ಲಿ ಟವೆಲು ಒಣಹಾಕುತ್ತಿದ್ದಳು.

"ಏನಕ್ಕಾ, ಮೇಲೆ ಬಂದ್ಬಿಟ್ಟಿದ್ದೀಯ! ಸಕ್ಕರೆ ಮುಗೀತಾ?"

"ನಂಗೆ ಆ ಬಾಲ್ಕನಿ ಬೇಕು."

ಚಿಕ್ಕವಳ ಕೈ ಟವೆಲಿನ ಮೇಲೇ ನಿಂತಿತು.

"ಹಡಗಿಂದು," ಅಂದಳು ದೊಡ್ಡವಳು. "ಅವತ್ತು ನಿಂಗೆ ಬಲೆ ಹಾಕ್ದೆ. ನೀನು ಬೀಳ್ಲಿಲ್ಲ. ಈಗ ಕೇಳ್ತಾ ಇದೀನಿ. ಬಾಯಿಬಿಟ್ಟು."

"ಅಯ್ಯೋ ಅಕ್ಕಾ," ಚಿಕ್ಕವಳಿಗೆ ನಗು ಉಕ್ಕಿಬಂತು. "ನಂಗೆ ಮಸಾಜೇ ಬೇಕಾಗಿತ್ತು! ಆದ್ರೆ ನಿನ್ನ ಕಣ್ಣು ಆ ಚಿತ್ರದ ಮೇಲಿತ್ತು. ನಿನ್ನ ಕಣ್ಣು ಎಲ್ಲಿರುತ್ತೋ ನನ್ನ ಕೈ ಅಲ್ಲಿಗೇ ಹೋಗುತ್ತೆ, ಏನ್ಮಾಡ್ಲಿ. ಏಳು ದಿನ ನೀರು ನೋಡ್ಕೊಂಡು ಕೂತ್ರೆ ನಂಗೆ ಹುಚ್ಚು ಹಿಡಿಯುತ್ತೆ."

"ಹಾಗಾದ್ರೆ ಕೊಡು."

"ಸುಮ್ನೆ ಕೊಡಲ್ಲ."

"ಮಸಾಜು, ಬಸ್ಸು, ಊಟ, ಎಲ್ಲಾ ನೀನೇ ತಗೋ. ಸೂಟ್‌ಕೇಸೂ ತಗೊಂಡು ಹೋಗು."

"ಅದು ಹೇಗೂ ಬರುತ್ತೆ ಬಿಡು." ಚಿಕ್ಕವಳು ಒಂದು ಗಳಿಗೆ ಬೀದಿಯ ಕಡೆ ನೋಡಿದಳು. ತಿರುಗಿದಾಗ ಮುಖದಲ್ಲಿ ನಗು ಇರಲಿಲ್ಲ. "ನನ್ನ ಒಂದು ಸಲ ಅಕ್ಕಾ ಅನ್ನು."

"ಏನು?"

"ನಿನಗಿಂತ ನಾನು ಎರಡು ವರ್ಷಕ್ಕೆ ದೊಡ್ಡವಳು. ಗೊತ್ತಿಲ್ವಾ ನಿಂಗೆ? ತವರಲ್ಲಿ ನನ್ನ ಹಿಂದೆ ಹುಟ್ಟಿದ ಐದು ಜನಕ್ಕೂ ನಾನೇ ಅಕ್ಕ. ಮದುವೆ ದಿನ ಅತ್ತೆ ನನ್ನ ಕರೆದು, ಇನ್ಮೇಲೆ ಇವಳೇ ನಿನ್ನ ಅಕ್ಕ ಅಂದ್ರು. ಅವತ್ತಿಂದ ನೀನು ಬಾರೇ, ಹೋಗೇ, ಕುತ್ಕೊಳ್ಳೇ. ನಾನು ಅಕ್ಕಾ, ಅಕ್ಕಾ, ಅಕ್ಕಾ. ಯಾಕೆ? ನಿನ್ನ ಗಂಡ ಮೊದಲು ಹುಟ್ಟಿದ ಅಂತ!"

ದೊಡ್ಡವಳಿಗೆ ಗೊತ್ತಿತ್ತು. ಗೊತ್ತಿದ್ದೂ ಎಂದೂ ನೆನಪಾಗಿರಲಿಲ್ಲ. ಇಡೀ ಮನೆಯಲ್ಲಿ ತನ್ನದು ಅಂತ ಇದ್ದ ಒಂದೇ ದೊಡ್ಡಸ್ತಿಕೆ ಅದು. ಅದರ ಮೇಲೂ ಇವಳ ಕಣ್ಣು ಇತ್ತೇ, ಇಷ್ಟು ವರ್ಷ? ಹಡಗೂ ಬೇಡ, ಗಿಡಗೂ ಬೇಡ ಅಂತ ಇಳಿದುಹೋಗುವ ಮನಸ್ಸಾಯಿತು. ಒಂದು ಮೆಟ್ಟಿಲು ಇಳಿದಳು ಕೂಡ. ಕೆಳಗೆ ತನ್ನ ಅಡುಗೆಮನೆಯ ದೀಪ ಹಗಲಿನಿಂದ ಹಾಗೇ ಉರಿಯುತ್ತಿತ್ತು.

ತಿರುಗಿ ಬಂದಳು. "ಅಕ್ಕಾ," ಅಂದಳು, ಹಲ್ಲುಗಳ ನಡುವಿಂದ.

"ಕೇಳಿಸ್ಲಿಲ್ಲ."

"ಅಕ್ಕಾ! ಆ ಬಾಲ್ಕನಿ ನಂಗೆ ಕೊಡು, ಅಕ್ಕಾ!"

ಕೆಳಗೆ ಗೇಟು ತೆಗೆಯುತ್ತಿದ್ದ ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮತ್ತೆ ಅಂಗಡಿಯ ಕಡೆಗೇ ಹೊರಟುಬಿಟ್ಟರು.

ಚಿಕ್ಕವಳು ಕೇಕೆ ಹಾಕಿ ನಗುತ್ತಾಳೆ ಅಂತ ದೊಡ್ಡವಳು ಕಾದಳು. ನಗಲಿಲ್ಲ. ಕೈಯಲ್ಲಿದ್ದ ಒದ್ದೆ ಟವೆಲಿನಲ್ಲೇ ಮುಖ ಒರೆಸಿಕೊಂಡಳು. ಒಳಗೆ ಹೋಗಿ ಚಿತ್ರ ತಂದು ಅವಳ ಕೈಗಿಟ್ಟು, "ತಗೊಳ್ಳೇ, ನಿಂದೇ ಕಣೇ ಇದು," ಅಂದಳು. ಆ ಮಾತನ್ನು ಎಷ್ಟು ರುಚಿ ನೋಡಿ ಆಡಿದಳೆಂದರೆ, ಬಾಯಲ್ಲಿಟ್ಟ ಸಿಹಿಯನ್ನು ಕರಗಲು ಬಿಡದೆ ಹಿಡಿದವಳ ಹಾಗಿತ್ತು. ಮುಖ ಹುಡುಗಿಯ ಮುಖವಾಗಿಬಿಟ್ಟಿತ್ತು. ಆಮೇಲೆ ಹಾಡು ಗುನುಗಿಕೊಂಡು ಮಿಕ್ಕ ಬಟ್ಟೆ ಒಣಹಾಕಲು ಹೋದಳು.

ದೊಡ್ಡವಳು ಚಿತ್ರವನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದಳು. ಗೆದ್ದಿದ್ದಳು. ಸಮುದ್ರ ಅವಳದಾಗಿತ್ತು, ಎರಡು ಕುರ್ಚಿಯೂ ಅವಳವೇ. ಆದರೆ ಮೇಲಿಂದ ಆ ಗುನುಗು ಕೇಳುತ್ತಲೇ ಇತ್ತು. ಎರಡಕ್ಷರಕ್ಕೆ ಅಷ್ಟೊಂದು ಖುಷಿಯೇ? ಇಡೀ ಸಮುದ್ರ ಸಿಕ್ಕವಳಿಗೆ ಇನ್ನೂ ಅಷ್ಟು ಖುಷಿಯಾಗಿಲ್ಲವಲ್ಲ! ನಡು ಮೆಟ್ಟಿಲಲ್ಲೇ ಕೂತುಬಿಟ್ಟಳು. ಯಾರಿಗೆ ದೊಡ್ಡ ಪಾಲು ಹೋಯಿತು ಅಂತ ಲೆಕ್ಕ ಹಾಕುತ್ತ, ಗಂಡ ಬಂದು ಊಟಕ್ಕೆ ಕರೆಯುವವರೆಗೂ ಅಲ್ಲೇ ಇದ್ದಳು.