ಮಂಟಪದ ಎಮ್ಮೆಯನ್ನು ನೋಡದೆ ಬರೆದ ವಾರ

ಕೊಪ್ಪಳದ ಚಿತ್ರಕಲಾ ತರಗತಿಯಲ್ಲಿ ನಮ್ಮ ಸರ್ ಪರದೆಯ ಮೇಲೆ ಯುರೋಪಿನ ಹಳೆಯ ಫ್ಲೆಮಿಶ್ ಚಿತ್ರವೊಂದನ್ನು ತೋರಿಸಿದ್ದು ಒಂದು ಬುಧವಾರ. ಮುರಿದ ಕಮಾನು, ಅದರ ಬಿರುಕಿನಲ್ಲಿ ಬೆಳೆದ ಹುಲ್ಲು, ಕೆಳಗೆ ಐದು ದನ, ಎಂಟು ಕುರಿ, ಒಂದು ನಾಯಿ, ಹಾಲು ಹಿಂಡುತ್ತಿರುವ ಹೆಂಗಸು. ಯಾವ ಚಿತ್ರ ಕಂಡರೂ ಮೊದಲು ಎಣಿಸಿ ಡೈರಿಗೆ ಹಾಕಿಕೊಳ್ಳುವುದು ನನ್ನ ರೂಢಿ. ಆ ಪ್ರಾಣಿಗಳಲ್ಲಿ ಒಂದೂ ಕಮಾನಿನ ಕಡೆ ನೋಡುತ್ತಿರಲಿಲ್ಲ. ಹೆಂಗಸಿಗಂತೂ ತಲೆ ಎತ್ತಲು ಪುರಸೊತ್ತೇ ಇರಲಿಲ್ಲ.

“ನಿಮ್ಮ ಊರಾಗೂ ಇಂಥಾ ಹಾಳು ಗುಡಿ ಅದಾವಲ್ಲ? ಬರೋ ಬುಧವಾರ ಒಂದು ಬರಕೊಂಡು ಬರ್ರಿ,” ಎಂದರು ಸರ್.

ನಮ್ಮದು ತಳಕಲ್ ಹತ್ತಿರದ ಹಳ್ಳಿ. ಮನೆಯ ಹಿಂದೆಯೇ ಕಲ್ಲಿನ ಮಂಟಪವಿದೆ. ನಾಲ್ಕು ಕಂಬ ನಿಂತಿವೆ, ಎರಡು ಬಿದ್ದಿವೆ. ಬಿದ್ದ ಒಂದು ಕಂಬಕ್ಕೆ ಕಲ್ಲು ಜೋಡಿಸಿ ಮೇವು ಹಾಕುವ ಗೋದಲಿ ಮಾಡಿಕೊಂಡಿದ್ದೇವೆ. ಮಧ್ಯಾಹ್ನ ನೆರಳಿಗೆ, ಒಂದು ಕೊಂಬು ಮುರಿದ ನಮ್ಮ ಎಮ್ಮೆಯನ್ನು ಅಲ್ಲೇ ಕಟ್ಟುತ್ತೇವೆ. ಚಿತ್ರ ಸಿದ್ಧವಾಗಿ ನಿಂತಿದೆ ಅಂದುಕೊಂಡು ಗುರುವಾರ ಮಂಟಪವನ್ನು ಬರೆದು ಮುಗಿಸಿದೆ. ಶುಕ್ರವಾರ ಎಮ್ಮೆಯ ಮುಂದೆ ಹಲಗೆ ಇಟ್ಟುಕೊಂಡು ಕೂತೆ.

ಅವ್ವ ಮೊರ ಅಲ್ಲೇ ಬಿಟ್ಟು ಓಡಿ ಬಂದಳು. “ಏ ಹುಡುಗಿ, ದಿನ ತುಂಬಿದ ಎಮ್ಮಿನ ಹಂಗ ನೆಟ್ಟ ನೋಡಬ್ಯಾಡ! ಏಳ ಮ್ಯಾಲ.”

ಹಿಂದಿನ ಸಲ ಕರು ಹುಟ್ಟುತ್ತಲೇ ಸತ್ತಿತ್ತು. ಅದಕ್ಕೆ ಮುಂಚೆ ಬಂದ ನೆಂಟರೊಬ್ಬರು ಎಮ್ಮೆಯ ಹೊಟ್ಟೆಯನ್ನು ಬಹಳ ಹೊತ್ತು ನೋಡಿ, ಎಷ್ಟು ಛಲೋ ಮೈ ತುಂಬೈತಿ ಅಂದಿದ್ದರು. ಅವ್ವನಿಗೆ ಅಷ್ಟೇ ಸಾಕಾಗಿತ್ತು. ಈ ಸಲ ಎಮ್ಮೆಯ ಕೊರಳಿಗೆ ಕರಿ ದಾರ ಕಟ್ಟಿ, ಹಾದಿಯ ಕಡೆ ಗೋಣಿ ಇಳಿಬಿಟ್ಟಿದ್ದಳು. ಚಿತ್ರ ಬರೆಯುವುದೆಂದರೆ ನೆಟ್ಟ ನೋಟವೇ ಎಂದು ನಾನು ಅವಳಿಗೆ ಹೇಗೆ ಹೇಳಲಿ? ಆ ಫ್ಲೆಮಿಶ್ ಚಿತ್ರಕಾರನಿಗೆ ಹಸುಗಳ ಮುಂದೆ ದಿನಗಟ್ಟಲೆ ಕೂರಲು ಯಾರು ಬಿಟ್ಟರೋ, ಆ ಹೆಂಗಸು ಏನೆಂದು ಬೈದಳೋ!

ಶನಿವಾರ ಪೂರ್ತಿ ಒಳಗೂ ಹೊರಗೂ ಅಡ್ಡಾಡಿದೆ. ಕದ್ದು ಒಂದು ಸಲ ನೋಡುವುದು, ಒಂದು ಗೆರೆ ಎಳೆಯುವುದು, ಅಳಿಸುವುದು. ಸಂಜೆಗೆ ಪಕ್ಕದ ಮನೆಯ ಬಳೆ ಮಾರುವ ಚಾಚಿಯಿಂದ ಒಂದು ಕೈಗನ್ನಡಿ ತಂದೆ. ಎಮ್ಮೆಗೆ ಬೆನ್ನು ಹಾಕಿ ಕೂತು ಕನ್ನಡಿಯಲ್ಲಿ ನೋಡಿ ಬರೆದರೆ ನೆಟ್ಟ ನೋಡಿದಂತಾಗುವುದಿಲ್ಲವಲ್ಲ? ಅವ್ವ ಕನ್ನಡಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿ, “ಮಾರಿ ಆ ಕಡೆ ಇದ್ರ ಆತು ಬಿಡು,” ಎಂದಳು.

ಭಾನುವಾರ ಅವಸರದಲ್ಲಿ ಎಮ್ಮೆ ಮುಗಿಯಿತು. ಸೋಮವಾರ ಚಾಚಿ ಕನ್ನಡಿ ಕೇಳಿಕೊಂಡು ಬಂದವಳು ಚಿತ್ರ ನೋಡಿ ಸೊಂಟ ಹಿಡಿದು ನಕ್ಕಳು. “ಕುಂಡಿ ಗೋದಲ್ಯಾಗ ಇಟ್ಟು ಮೇವು ಹೆಂಗ ತಿಂತೈತವ್ವಾ ಇದು? ಮುರದ ಕೊಂಬ ಆ ಕಡೀದಲ್ಲೇನು?”

ಮಂಟಪವನ್ನು ನೇರವಾಗಿ ನೋಡಿ ಬರೆದಿದ್ದೆ, ಎಮ್ಮೆಯನ್ನು ಕನ್ನಡಿಯಲ್ಲಿ. ಎಡಬಲ ಅದಲುಬದಲಾಗಿತ್ತು.

“ನಗಬ್ಯಾಡ್ರಿ ಚಾಚಿ. ಕನ್ನಡಿ ಇನ್ನೆರಡು ದಿನ ಇರಲಿ.”

“ಎಮ್ಮಿ ಮಾರಿ ನೋಡಿದ ಕನ್ನಡಿ ಯಾರು ಕೊಳ್ತಾರ? ಇಟಗೋ.”

ಅಳಿಸಿ ಅಳಿಸಿ ಹಾಳೆಯ ಮೈ ಎದ್ದಿತು. ಮಂಗಳವಾರ ಮಧ್ಯಾಹ್ನ, ಈ ಸಲ ಎಡಬಲ ತಿರುವಿ ಬರೆಯಲೆಂದು ಮತ್ತೆ ಬೆನ್ನು ಹಾಕಿ ಕೂತೆ. ಎಮ್ಮೆ ನಿಂತಲ್ಲಿ ನಿಲ್ಲದು. ಮಲಗಿತು, ಎದ್ದಿತು, ಕಂಬವನ್ನು ಸುತ್ತಿತು, ಹಗ್ಗ ಬಿಗಿದುಕೊಂಡಿತು. ಸಿಟ್ಟಿನಿಂದ ಕನ್ನಡಿಯನ್ನು ವಾಲಿಸಿ ನೋಡಿದರೆ ಬಾಲದ ಕೆಳಗೆ ಬೆಳ್ಳಗೆ ಒಂದು ಗೊರಸು. ಎರಡು ಬರಬೇಕಿತ್ತು. ಒಂದೇ ಇತ್ತು.

“ಅವ್ವಾ!” ಎಂದು ಕೂಗಿದೆ. ತಿರುಗಲು ಮಾತ್ರ ಧೈರ್ಯ ಬರಲಿಲ್ಲ.

ಅವ್ವ ಎಣ್ಣೆ ಬಟ್ಟಲು ಹಿಡಿದೇ ಬಂದಳು. ದನದ ಡಾಕ್ಟರಿಗೆ ಫೋನ್ ಮಾಡಿದರೆ ಅವರು ಕುಕನೂರಿನಲ್ಲಿದ್ದರು, ಬರಲು ಹೊತ್ತಾಗುತ್ತಿತ್ತು. ಚಾಚಿ ಬಂದು ಎಮ್ಮೆಯ ಮೂಗುದಾರ ಹಿಡಿದಳು. ನನಗೆ ಬಾಲ ಹಿಡಿಯುವ ಕೆಲಸ. ಬಾಲ ಹಿಡಿದು ಮುಖವನ್ನು ಮನೆಯ ಹಿಂಗೋಡೆಯ ಕಡೆ ತಿರುಗಿಸಿ ನಿಂತೆ.

ಅವ್ವ ಮೊಣಕೈವರೆಗೆ ಎಣ್ಣೆ ಸವರಿಕೊಂಡು ಕೈ ಹಾಕಿದಳು. ಅವಳ ಕೆನ್ನೆ ಎಮ್ಮೆಯ ಪಕ್ಕೆಗೆ ಒತ್ತಿತ್ತು. ಅವಳಿಗೆ ಏನೂ ಕಾಣುತ್ತಿರಲಿಲ್ಲ.

“ಗ್ವಾಡಿ ಯಾಕ ನೋಡ್ತಿ? ಇಲ್ಲಿ ನೋಡ! ಗೊರಸಿನ ಅಂಗಾಲು ಮ್ಯಾಲೈತೋ ಕೆಳಗೈತೋ?”

ನೋಡಿದೆ. “ಕೆಳಗ.”

“ಮೂಗು ಕಾಣ್ತೈತೇನು?”

“ಕಾಣ್ತೈತಿ. ನಾಲಿಗಿ ಹೊರಗ ಬಂದೈತಿ. ನೀಲಿ ಆಗೈತವ್ವಾ.”

“ಮುಂದಿನ ಕಾಲು ಹಂಗಾದ್ರ. ಇನ್ನೊಂದು ಹಿಂದಕ್ಕ ಮಡಚೈತಿ.” ಕರುವಿನ ತಲೆಯನ್ನು ಒಳಗೆ ಒತ್ತಿ, ಕಾಲು ಹುಡುಕಿದಳು. “ಕಣ್ಣು ಕೀಳಬ್ಯಾಡ. ಏನರ ತಿರುಗಿದ್ರ ಹೇಳು.”

ನಾನು ಕಣ್ಣು ಕೀಳಲಿಲ್ಲ. ಬಹಳ ಹೊತ್ತಿನ ಮೇಲೆ ಎರಡನೆಯ ಗೊರಸು ಮೊದಲನೆಯದರ ಪಕ್ಕಕ್ಕೆ ಬಂತು. “ಬಂತವ್ವಾ!” ಎಂದೆ. ಮೂವರೂ ಸೇರಿ ಎಳೆದೆವು. ಕರು ಕಲ್ಲುಹಾಸಿನ ಮೇಲೆ ಜಾರಿ ಬಿದ್ದು, ಅಲುಗಾಡದೆ ಮಲಗಿತು.

ಅವ್ವ ಮೂಗು ಒರೆಸಿ, ಒಣಹುಲ್ಲಿನಿಂದ ಎದೆ ಉಜ್ಜಿದಳು. ಚಾಚಿ ಬಾಯೊಳಗೆ ಏನೋ ಹೇಳಿಕೊಳ್ಳುತ್ತಿದ್ದಳು. ಕರು ಒಮ್ಮೆ ಸೀನಿತು. ತಲೆ ಕೊಡವಿತು.

ಯಾರೂ ಅಲ್ಲಿಂದ ಕದಲಲಿಲ್ಲ. ಗೋಣಿ ಕಳಚಿ ಬಿದ್ದಿತ್ತು, ಹಾದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಅವ್ವ ಗೋಣಿ ಎತ್ತಿ ಕಟ್ಟಲು ಹೋಗಲಿಲ್ಲ. ಕರು ಏಳುವುದು, ಮುಗ್ಗರಿಸುವುದು, ಮೊಲೆ ಬಿಟ್ಟು ಎಲ್ಲೆಲ್ಲೋ ಮೂತಿ ಒತ್ತುವುದು. ಕೊನೆಗೊಮ್ಮೆ ಬಾಯಿಗೆ ಮೊಲೆ ಸಿಕ್ಕು, ಬಾಲ ಪಟಪಟ ಅಲುಗಿತು. ಆಗ ಅವ್ವ ಎದ್ದು ಕೈ ತೊಳೆಯಲು ಹೋದಳು.