ಬರಗಾಲದಲ್ಲಿ ತೊಯ್ಯಲಿದ್ದ ಗರಿ

ಮೊನ್ನೆ ಬೀದರಿನಲ್ಲಿ ಬಿಲ್ಲುಗಾರಿಕೆ ಕಲಿಯುತ್ತಿರುವ ನನ್ನ ಮಗಳಿಗೆ ಬಾಣ ಕೊಳ್ಳಲು ಹೋಗಿದ್ದೆ. ಅಂಗಡಿಯವನು ಬಾಲಕ್ಕೆ ಗರಿ ಅಂಟಿಸಿದ್ದನ್ನೂ ಪ್ಲಾಸ್ಟಿಕ್ ಎಸಳು ಅಂಟಿಸಿದ್ದನ್ನೂ ಮುಂದಿಟ್ಟು, "ಪ್ಲಾಸ್ಟಿಕ್ಕೇ ಒಯ್ರಿ ಮೇಡಂ, ಮಳಿ ಬಂದ್ರ ಗರಿ ತೋಯ್ತದ" ಎಂದ. ಪಾಪ, ಅವನಿಗೇನು ಗೊತ್ತು? ನನಗೆ ಮೈಯೆಲ್ಲ ಉರಿಯಿತು. ಆ ಮಾತನ್ನು ನಾನು ಹಿಂದೊಮ್ಮೆ ಕೇಳಿದ್ದೇನೆ, ಅದೂ ಬರಗಾಲದಲ್ಲಿ.

ಆಗ ನಾವಿದ್ದದ್ದು ಔರಾದದ ಹತ್ತಿರದ ಹಳ್ಳಿಯಲ್ಲಿ. ಬಾವಿ ಬತ್ತಿ, ಓಣಿಯಲ್ಲಿ ಒಂದೊಂದೇ ಮನೆಗೆ ಬೀಗ ಬಿದ್ದು, ಜನ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ನಮ್ಮ ಮನೆಯ ಗಂಟೂ ಕಟ್ಟಿಯಾಗಿತ್ತು. ಅಕ್ಕ ಮಾತ್ರ ಭಾಲ್ಕಿಯ ಬಿಲ್ಲುಗಾರಿಕೆ ಆಯ್ಕೆಯಲ್ಲಿ ಗೆದ್ದರೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಉಳಿದು ಓದಬಹುದಿತ್ತು. ಇಲ್ಲದಿದ್ದರೆ ಶಾಲೆ ಬಿಟ್ಟು ಇಟ್ಟಂಗಿ ಹೊರಬೇಕು.

ಅವಳದು ಬಿದಿರಿನ ಬಿಲ್ಲು. ಬಾಣ ಮುಷ್ಟಿಯನ್ನೂ ಬಿಲ್ಲನ್ನೂ ಸವರಿಕೊಂಡೇ ಹೋಗುತ್ತದೆ. ಗರಿಯಾದರೆ ತಾಗಿದಾಗ ಬಾಗಿ ದಾರಿ ಬಿಡುತ್ತದೆ. ಚರ್ಚಿನ ಕಾಂಪೌಂಡಿನ ಟರ್ಕಿ ಕೋಳಿಗಳ ಹಿಂದೆ ಸುತ್ತಿ ನಾವಿಬ್ಬರೂ ಗರಿ ಆರಿಸಿದ್ದೆವು. ಒಂದು ಬಾಣಕ್ಕೆ ಎಡ ರೆಕ್ಕೆಯದು ಎಡದ್ದರ ಜತೆಗೇ ಸೇರಬೇಕು, ಬೆರೆತರೆ ಬಾಣ ನೆಟ್ಟಗೆ ಹೋಗದು ಎಂದು ಅಕ್ಕ ಜೀವ ತಿನ್ನುತ್ತಿದ್ದಳು, ನಾನು ಬೆರೆಸಿಬಿಟ್ಟು ಬೈಸಿಕೊಳ್ಳುತ್ತಿದ್ದೆ. ಒಂದು ಹುಂಜ ನನ್ನನ್ನು ಚರ್ಚಿನೊಳಗೇ ಅಟ್ಟಿಸಿಕೊಂಡು ಬಂದದ್ದೂ ಉಂಟು, ಬಿಡಿ.

ಭಾಲ್ಕಿಯ ಮೈದಾನದಲ್ಲಿ ಆಯ್ಕೆ ನಡೆಸುತ್ತಿದ್ದ ಬೂಟಿನ ಸಾಹೇಬರೊಬ್ಬರು ಆ ಬಾಣಗಳನ್ನು ಬದಿಗಿಟ್ಟರು. ಮಳೆ ಬಂದರೆ ಗರಿ ತೊಯ್ಯುತ್ತದೆ, ಎಲ್ಲರೂ ಅಲ್ಲಿ ಕೊಡುವ ಪ್ಲಾಸ್ಟಿಕ್ಕಿನದೇ ಹೊಡೆಯಬೇಕು ಎಂದು ಕಟ್ಟಪ್ಪಣೆ. ಕಾದ ಹಂಚಿನಂಥ ಬಯಲು, ಮೇಲೆ ಮೋಡದ ಚೂರೂ ಇಲ್ಲ. ನೀವೇ ಹೇಳಿ, ಇಂಥವರಿಗೆ ಏನೆನ್ನಬೇಕು? ಅವ್ವ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದಳು: "ಮಳಿ ಬರೂ ಹಂಗಿದ್ರ ನಾವ್ಯಾಕ ಊರು ಬಿಡ್ತಿದ್ವಿರಿ, ಸಾಹೇಬ್ರ?"

ಸಾಹೇಬರು ಕೇಳಿಸದವರಂತೆ ಸೀಟಿ ಊದಿದರು. ಗಟ್ಟಿ ಪ್ಲಾಸ್ಟಿಕ್ಕು ಬಿಲ್ಲಿಗೆ ಬಡಿದು ಅಕ್ಕನ ಬಾಣ ಸೊಟ್ಟ ಹೋಯಿತು, ಮತ್ತೆ ಮತ್ತೆ ಹೋಯಿತು. ಆ ವಾರವೇ ಅವಳು ನಮ್ಮೊಂದಿಗೆ ಹೈದರಾಬಾದಿನ ಬಸ್ಸು ಹತ್ತಿದಳು. ಬಿಲ್ಲು ಬೀಗ ಹಾಕಿದ ಮನೆಯಲ್ಲೇ ಉಳಿಯಿತು.

ಹಾಗಾಗಿ ಅಂಗಡಿಯವನಿಗೆ ಗರಿಯದೇ ಕಟ್ಟು ಎಂದು ಗದರಿಸಿ, ಏನೋ ಸೇಡು ತೀರಿಸಿಕೊಂಡವಳ ಠೀವಿಯಲ್ಲಿ ಅಲ್ಲಿಂದಲೇ ಅಕ್ಕನಿಗೆ ಫೋನು ಮಾಡಿದೆ. ಅವಳು ಕೇಳಿದ್ದು ಒಂದೇ: "ಅಕಿ ಬಿಲ್ಲು ಯಾವ್ದದ?"

ಹೊಸ ನಮೂನೆಯದು, ಬಾಣ ಇಡಲು ಬೇರೆ ಆಸರೆ ಇದೆ, ಬಿಲ್ಲಿಗೆ ತಾಗುವುದಿಲ್ಲ ಎಂದೆ.

"ಹಂಗಿದ್ರ ಪ್ಲಾಸ್ಟಿಕ್ ನಡೀತದ, ತೊಗೋ."

ಪ್ಲಾಸ್ಟಿಕ್ಕಿನದೇ ಕೊಂಡೆ. ಸಿಟ್ಟು ಇಳಿಯಲಿಲ್ಲ, ಜಾಗ ಬದಲಿಸಿತು ಅಷ್ಟೇ. ಪ್ಲಾಸ್ಟಿಕ್ಕಿನ ತಪ್ಪೇನು? ನಿನ್ನ ಬಿಲ್ಲು ಯಾವುದು ಎಂದು ಅಂದು ಭಾಲ್ಕಿಯಲ್ಲಿ ಅಕ್ಕನನ್ನು ಯಾರೂ ಕೇಳಲೇ ಇಲ್ಲ.