ಎರಡೇ ನಿಮಿಷದ ಮೇಷ್ಟ್ರು

ನಂದಿನಿ, ಚೇತು, ನಿಮ್ಮಜ್ಜಿ ಬರೆದಿಡುತ್ತಿರುವುದು: ನಮ್ಮ ಪಕ್ಕದ ಮನೆಯಲ್ಲಿ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರೊಬ್ಬರಿದ್ದರು. ಹೆಬ್ಬೆರಳಿಗೆ ತೋರುಬೆರಳು ಉಜ್ಜುತ್ತಾ, "ಲೋಹದ ಆಕ್ಸೈಡನ್ನ ಕಣ್ಗೆ ಕಾಣ್ದಂಗೆ ನುಣ್ಣಗೆ ಮಾಡಿ ಬ್ಯಾಟರಿ ತಗಡಿಗೆ ಬಳಿದ್ರೆ, ಎಲ್ಡೇ ನಿಮಿಷದಲ್ಲಿ ಚಾರ್ಜು ಕಣಮ್ಮ" ಎನ್ನುತ್ತಿದ್ದರು. ಆ ಪುಡಿ ಮಾತ್ರ ಲ್ಯಾಬಿನ ಸೀಸೆ ಬಿಟ್ಟು ಹೊರಗೆ ಬಂದಿರಲಿಲ್ಲ.

ನಂದಿನಿ, ನಿನ್ನಮ್ಮನಿಗೆ ಹೆರಿಗೆ ನೋವು ಬಂದಾಗ ಮೇಷ್ಟ್ರ ಕರೆಂಟು ಕಾರಿನಲ್ಲೇ ಕಾಮಗೆರೆ ಆಸ್ಪತ್ರೆಗೆ ಹೊರಟೆವು. ಅರ್ಧ ದಾರಿಯಲ್ಲಿ ಬ್ಯಾಟರಿ ಖಾಲಿಯಾಗಿ ಕಾರು ನಿಂತಿತು. ನಿನ್ನಮ್ಮ ನರಳುತ್ತಿದ್ದರೆ ಮೇಷ್ಟ್ರು ಬೆರಳು ಉಜ್ಜುತ್ತಾ, "ನನ್ ಪುಡಿ ಇದ್ದಿದ್ರೆ..." ಎಂದು ಶುರುಮಾಡಿದರು.

ಹಿಂದೆ ಬಂದ ಕಬ್ಬಿನ ಟ್ರಾಕ್ಟರಿನವನು ಕಾರಿಗೆ ಹಗ್ಗ ಕಟ್ಟಿ, "ಪಾಠ ಆಮೇಲೆ ಮಾಡೀರಂತೆ ಸಾ, ಈಗ ಸ್ಟೇರಿಂಗ್ ಇಡ್ಕಳಿ" ಎಂದ. ನೀನು ಹುಟ್ಟಿದ್ದು ಆಸ್ಪತ್ರೆಯ ಬಾಗಿಲಲ್ಲೇ.

ಈ ಹಾಳೆ ಜೋಪಾನ, ಮಕ್ಕಳೇ. ಆ ಎರಡು ನಿಮಿಷದ ಬ್ಯಾಟರಿ ಬಂದ ದಿನ, ಮೇಷ್ಟ್ರು ಎಲ್ಲಿದ್ದರೂ ಹುಡುಕಿ, ಅದು ಚಾರ್ಜ್ ಆಗುವಷ್ಟರಲ್ಲಿ ಇದನ್ನು ಓದಿ ಹೇಳಿ.